ಯಾವ ಪುಸ್ತಕ, ಯಾವ ಪುಟ?

ಓದುಗರ ಪ್ರಶ್ನೆ, ಗ್ರಂಥಪಾಲಕಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳವು, ಕಾಲೇಜು ಉಪನ್ಯಾಸಕರವು. ಕೇಳಿದ್ದೆಲ್ಲ ಒಂದೇ ವಿಷಯದ ಸುತ್ತ: ಪ್ರಬಂಧದಲ್ಲಿ ಆಕರ ಕೊಡುವುದು ಹೇಗೆ. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿಯಾಗಿದ್ದಷ್ಟು ಕಾಲವೂ ಮೇಜಿನ ಮುಂದೆ ನಿಂತವರು ಹೆಚ್ಚಾಗಿ ಕೇಳುತ್ತಿದ್ದದ್ದು ಇದನ್ನೇ. ಆದ್ದರಿಂದ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ ಮೀಸಲು. ಬರೆದವರ ಹೆಸರು ಬಿಟ್ಟಿದ್ದೇನೆ, ಊರು ಉಳಿಸಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನಾಗಾವಿ ಘಟಿಕಾಸ್ಥಾನದ (ಹಳೇ ಕಾಲದ ವಿದ್ಯಾಕೇಂದ್ರ) ಮ್ಯಾಲ ಲೇಖನ ಬರೀಲಿಕತ್ತೀನಿ. 1058ರ ಶಾಸನದ ಸಾಲುಗಳು ನನಗ ಸಿಕ್ಕಿದ್ದು ಇತ್ತೀಚಿನ ಒಂದು ಕನ್ನಡ ಪುಸ್ತಕದಾಗ. ಆ ಪುಸ್ತಕದವರು ಅಡಿಟಿಪ್ಪಣಿಯೊಳಗ ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್ ಅಂತ ಕೊಟ್ಟಾರ. ನಾನೂ ಅದನ್ನೇ ನೇರ ಕೊಟ್ರ ನಡೀತದೇನ್ರಿ? ನಮ್ಮ ಕಡಿ ಎಲ್ಲಾರೂ ಹಂಗೇ ಕೊಡ್ತಾರ.
(ಸಂಶೋಧನಾ ವಿದ್ಯಾರ್ಥಿ, ಚಿತ್ತಾಪುರ)

ಉತ್ತರ: ನಡೆಯುವುದಿಲ್ಲ. ಅದು ಶಾಸನ ಸಂಪುಟಗಳ ಮಾಲಿಕೆ, ನೀವು ಆ ಸಂಪುಟ ತೆರೆದಿಲ್ಲ. ತೆರೆಯದ ಪುಸ್ತಕದ ಹೆಸರನ್ನು ಅಡಿಟಿಪ್ಪಣಿಗೆ ಹಾಕಿದರೆ, ಇದನ್ನು ಕಣ್ಣಾರೆ ನೋಡಿದ್ದೇನೆ ಎಂದು ಓದುಗರಿಗೆ ಹೇಳಿದಂತಾಗುತ್ತದೆ. ಅದು ಸುಳ್ಳು. ಎಲ್ಲರೂ ಹಾಗೇ ಮಾಡುತ್ತಾರೆ ಎಂಬ ನಿಮ್ಮ ಮಾತು ಬಹುಮಟ್ಟಿಗೆ ನಿಜ, ಅದರಿಂದ ಆಗುವ ಹಾನಿಯನ್ನೂ ನಾನು ಕಂಡಿದ್ದೇನೆ. ಒಂದು ಪುಸ್ತಕದಲ್ಲಿ ಅಚ್ಚಿನ ತಪ್ಪಿನಿಂದ ಶಾಸನದ ಸಂಖ್ಯೆ ಬದಲಾಗುತ್ತದೆ. ಅದನ್ನು ನೋಡಿ ಬರೆದ ಎಂ.ಫಿಲ್. ಪ್ರಬಂಧದಲ್ಲಿ ಅದೇ ತಪ್ಪು, ಆ ಎಂ.ಫಿಲ್. ನೋಡಿ ಬರೆದ ಪಿಎಚ್.ಡಿ.ಯಲ್ಲೂ ಅದೇ ತಪ್ಪು. ಮೂವರೂ ಮೂಲ ಸಂಪುಟದ ಹೆಸರನ್ನೇ ಕೊಟ್ಟಿರುತ್ತಾರೆ, ಒಬ್ಬರೂ ಅದನ್ನು ಕಪಾಟಿನಿಂದ ಇಳಿಸಿರುವುದಿಲ್ಲ. ಮುಂದೆ ಯಾರೋ ಒಬ್ಬರು ಧಾರವಾಡಕ್ಕೋ ಮೈಸೂರಿಗೋ ಹೋಗಿ ಸಂಪುಟ ತೆಗೆಸಿ ನೋಡಿದರೆ ಆ ಸಂಖ್ಯೆಯಲ್ಲಿ ಬೇರೆಯೇ ಊರಿನ ಶಾಸನ!

ನಿಮಗೆ ಎರಡು ದಾರಿಗಳಿವೆ. ಸಂಪುಟವನ್ನೇ ಹುಡುಕಿ ನೋಡುವುದು ಒಳ್ಳೆಯ ದಾರಿ. ಜ್ಞಾನಗಂಗಾ ಆವರಣದ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಹಳೆಯ ಶಾಸನ ಸಂಪುಟಗಳು ಎಷ್ಟೋ ಈಗ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲೂ ಸಿಗುತ್ತವೆ. ಸ್ಕ್ಯಾನ್ ಪ್ರತಿ ನೋಡಿದರೂ ಮೂಲ ನೋಡಿದಂತೆಯೇ, ಪುಟಗಳು ಪೂರ್ತಿ ಇವೆಯೇ ಎಂದು ಮಾತ್ರ ಪರೀಕ್ಷಿಸಿಕೊಳ್ಳಿ. ಅದು ಸಾಧ್ಯವೇ ಆಗಲಿಲ್ಲವೆಂದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ‘ನಾಗಾವಿ ಶಾಸನ, ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್, ಉದ್ಧೃತ’ ಎಂದು ಬರೆದು, ಮುಂದೆ ನೀವು ಓದಿದ ಕನ್ನಡ ಪುಸ್ತಕದ ಲೇಖಕರು, ಹೆಸರು, ವರ್ಷ, ಪುಟ. ಎಪಿಎ, ಎಂಎಲ್‌ಎ ಎಂಬ ಆಕರ ಬರೆಯುವ ಎರಡೂ ಪದ್ಧತಿಗಳು ಇದಕ್ಕೆ ಜಾಗ ಕೊಟ್ಟಿವೆ. ಎರಡರಲ್ಲೂ ಕೊನೆಯ ಪಟ್ಟಿಗೆ ಸೇರುವುದು ನೀವು ಓದಿದ ಪುಸ್ತಕ ಮಾತ್ರ. ಇದರಿಂದ ಲೇಖನದ ತೂಕ ಕಡಿಮೆಯಾಗುತ್ತದೆ ಎಂದು ಹುಡುಗರು ಅಂಜುತ್ತಾರೆ. ನಾನಂತೂ ‘ಉದ್ಧೃತ’ ಎಂದು ಬರೆದವರ ಉಳಿದ ಅಡಿಟಿಪ್ಪಣಿಗಳನ್ನು ಹೆಚ್ಚು ನಂಬುತ್ತೇನೆ.

ಶಾಸನಕ್ಕೆ ಪುಟ ಸಂಖ್ಯೆ ಒಂದೇ ಸಾಲದು. ಊರು, ಮಾಲಿಕೆ, ಸಂಪುಟ, ಶಾಸನ ಸಂಖ್ಯೆ, ಸಾಲು, ಇಷ್ಟೂ ಬೇಕು. ಮರುಮುದ್ರಣದಲ್ಲಿ ಪುಟ ಬದಲಾದೀತು, ಕಲ್ಲಿನ ಮೇಲಿನ ಹನ್ನೆರಡನೆಯ ಸಾಲು ಹನ್ನೆರಡನೆಯದಾಗಿಯೇ ಇರುತ್ತದೆ. ಶಕ ವರ್ಷವಿದ್ದರೆ ಅದನ್ನು ಹಾಗೇ ಕೊಟ್ಟು ಆಮೇಲೆ ಕ್ರಿ.ಶ. ಬರೆಯಿರಿ. ಸಾಮಾನ್ಯವಾಗಿ 78 ಸೇರಿಸುತ್ತೇವೆ. ತಿಥಿ ಪುಷ್ಯ, ಮಾಘ, ಫಾಲ್ಗುಣದಲ್ಲಿ ಬಂದರೆ ಇಂಗ್ಲಿಷ್ ವರ್ಷ ದಾಟಿ 79 ಆಗುವುದೂ ಉಂಟು. ಶಕ ವರ್ಷ ಶಾಸನದ್ದು, ಕ್ರಿ.ಶ. ಲೆಕ್ಕ ಸಂಪಾದಕರದ್ದೋ ನಿಮ್ಮದೋ. ಎರಡನ್ನೂ ಬೇರೆ ಬೇರೆ ತೋರಿಸಿದರೆ ತಪ್ಪು ಎಲ್ಲಾಯಿತೆಂದು ಮುಂದಿನವರಿಗೆ ಗೊತ್ತಾಗುತ್ತದೆ.

ಅದೇ ಮಾಲಿಕೆಯ 18ನೆಯ ಸಂಪುಟವೂ ನಿಮಗೆ ಬೇಕಾದೀತು, ಪಿ.ಬಿ. ದೇಸಾಯಿಯವರು ಸಂಪಾದಿಸಿದ್ದು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳು ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ, ಪ್ರಕಟವಾದದ್ದು 1958ರಲ್ಲಿ. ಅಷ್ಟರಲ್ಲಿ ಹೈದರಾಬಾದ್ ರಾಜ್ಯವೇ ಇರಲಿಲ್ಲ, ನಮ್ಮ ಜಿಲ್ಲೆಗಳು 1956ರಲ್ಲೇ ಮೈಸೂರು ರಾಜ್ಯಕ್ಕೆ ಸೇರಿದ್ದವು. ಶೀರ್ಷಿಕೆಯಲ್ಲಿ ಹಳೆಯ ಹೆಸರಿದೆ ಎಂದು ತಿದ್ದಲು ಹೋಗಬೇಡಿ. ಮುಖಪುಟದ ಒಳಹಾಳೆಯಲ್ಲಿ ಏನಿದೆಯೋ ಅದೇ ಪುಸ್ತಕದ ಹೆಸರು.

ಇನ್ನೊಂದು ಮಾತು ಹೇಳದೆ ಇರಲಾರೆ. ನೀವು ಹಿಡಿದಿರುವ ನಾಗಾವಿ ಶಾಸನದಲ್ಲಿ ಅಧ್ಯಾಪಕರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖ ಇದೆ, ಅಂದರೆ ಪುಸ್ತಕ ಕಾಯುವವರು. ಚಿತ್ತಾಪುರದ ಪಕ್ಕದಲ್ಲೇ ಸಾವಿರ ವರ್ಷದ ಹಿಂದೆ ನಮ್ಮ ಕೆಲಸದವರಿಗೂ ಭೂಮಿ ಬಿಟ್ಟಿದ್ದರು. ಲೇಖನದಲ್ಲಿ ಆ ಸಾಲು ಬಿಡಬೇಡಿ.

ಪ್ರಶ್ನೆ: ಅರ್ಥಶಾಸ್ತ್ರದ ಒಂದು ಪತ್ರಿಕೆಗೆ ಲೇಖನ ಕಳಿಸಿದ್ದೆ. ‘ಯಾದಗಿರಿಯು ರಾಜ್ಯದ ಅತ್ಯಂತ ಹಿಂದುಳಿದ ಜಿಲ್ಲೆ (ನಂಜುಂಡಪ್ಪ, 2002)’ ಎಂದು ಬರೆದದ್ದಕ್ಕೆ ‘ಆಕರ ಹೊಂದುವುದಿಲ್ಲ’ ಎಂದು ಷರಾ ಬರೆದು ಹಿಂದಕ್ಕೆ ಕಳಿಸಿದ್ದಾರೆ. ವರದಿ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?
(ಉಪನ್ಯಾಸಕ, ಶಹಾಪುರ)

ಉತ್ತರ: ಷರಾ ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಪ್ರಾದೇಶಿಕ ಅಸಮತೋಲನದ ಆ ವರದಿ ಬಂದದ್ದು 2002ರಲ್ಲಿ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ. ಇಲ್ಲದ ಜಿಲ್ಲೆಯ ಬಗ್ಗೆ ಸಮಿತಿ ಏನು ಹೇಳಲು ಸಾಧ್ಯ? ನಿಮ್ಮ ಶಹಾಪುರ, ಸುರಪುರ, ಯಾದಗಿರಿ ಮೂರೂ ಆಗ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. ಆ ವರದಿ ಅಳೆದದ್ದೂ ತಾಲೂಕುಗಳನ್ನು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿತು. ನೀವು ವರದಿಯನ್ನು ಓದದೆ, ವರದಿಯ ಬಗ್ಗೆ ಯಾರೋ ಭಾಷಣದಲ್ಲಿ ಹೇಳಿದ್ದನ್ನು ಬರೆದಂತೆ ಕಾಣುತ್ತದೆ. ನಮ್ಮ ಭಾಗದ ಹೋರಾಟದಲ್ಲಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿಯ ಚರ್ಚೆಯಲ್ಲಿ ಆ ವರದಿ ಅಷ್ಟು ಸಲ ಬಂದುಹೋಗಿದೆ, ಓದಿದ್ದೇವೆ ಎಂದು ನಮಗೆ ನಾವೇ ನಂಬಿಬಿಟ್ಟಿದ್ದೇವೆ. ಇದು ಬರೀ ಅಡಿಟಿಪ್ಪಣಿಯ ಮಾತಲ್ಲ. ಅನುದಾನ ಕೇಳುವ ಲೇಖನದಲ್ಲಿ ಒಂದು ಆಕರ ತಪ್ಪಿದರೆ, ಕೊಡಲು ಮನಸ್ಸಿಲ್ಲದವರು ಅದೊಂದನ್ನೇ ಎತ್ತಿ ಹಿಡಿದು ಇಡೀ ಬೇಡಿಕೆಯನ್ನು ತಳ್ಳಿಹಾಕುತ್ತಾರೆ.

ಹೀಗೆ ತಿದ್ದಿ. ವರದಿಯ ಕರ್ತೃ ಒಬ್ಬ ವ್ಯಕ್ತಿಯಲ್ಲ, ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ. ಡಿ.ಎಂ. ನಂಜುಂಡಪ್ಪನವರು ಅದರ ಅಧ್ಯಕ್ಷರು. ಸಮಿತಿಯ ಹೆಸರು, ವರ್ಷ, ವರದಿಯ ಪೂರ್ಣ ಹೆಸರು, ಕರ್ನಾಟಕ ಸರ್ಕಾರ, ಕೋಷ್ಟಕದ ಸಂಖ್ಯೆ, ಪುಟ ಕೊಡಿ. ‘ನಂಜುಂಡಪ್ಪ ವರದಿ’ ಎಂಬ ರೂಢಿಯ ಹೆಸರನ್ನು ಮೊದಲ ಸಲ ಬರೆಯುವಾಗ ಆವರಣದಲ್ಲಿ ಹೇಳಿದರೆ ಮುಂದೆ ಅದನ್ನೇ ಬಳಸಬಹುದು. ಜಿಲ್ಲೆಯ ಮಾತು ಆಡಲೇಬೇಕಾದರೆ 2011ರ ಜನಗಣತಿಗೆ ಹೋಗಿ. ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದ್ದು ಶೇ. 75.36. ಈ ಎರಡು ಅಂಕಿ ಸಾಕು, ವಿಶೇಷಣವೇ ಬೇಕಿಲ್ಲ. 2001ರ ಜನಗಣತಿಯ ಜೊತೆ ಹೋಲಿಸುವಿರಾದರೆ ಆಗಿನ ತಾಲೂಕುಗಳ ಅಂಕಿ ಕೂಡಿಸಿದವರು ಯಾರು, ನೀವೋ ಸರ್ಕಾರವೋ, ಅದನ್ನೂ ಬರೆಯಬೇಕು.

ಕೋಷ್ಟಕದ ಕೆಳಗೆ ‘ಮೂಲ: ಸರ್ಕಾರಿ ಅಂಕಿಅಂಶ’ ಎಂದಷ್ಟೇ ಬರೆಯುವ ಅಭ್ಯಾಸ ದಯವಿಟ್ಟು ಬಿಡಿ. ಯಾವ ಇಲಾಖೆ, ಯಾವ ವರ್ಷ, ಯಾವ ಪುಸ್ತಿಕೆ?

ಊರಿನ ಹೆಸರಿನ ಬಗ್ಗೆಯೂ ಎಚ್ಚರ ಇರಲಿ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದದ್ದು 2019ರಲ್ಲಿ. ನಿಮ್ಮ ವಾಕ್ಯದಲ್ಲಿ ಈಗಿನ ಹೆಸರು ಬಳಸಿ. 1966ರ ಗೆಜೆಟಿಯರ್ ಉಲ್ಲೇಖಿಸುವಾಗ ಮಾತ್ರ ಅದರ ಮೇಲಿರುವ ‘ಮೈಸೂರು ಸ್ಟೇಟ್’, ‘ಗುಲ್ಬರ್ಗಾ’ ಹಾಗೇ ಇರಲಿ. ಕಲಬುರಗಿ ಗೆಜೆಟಿಯರ್ 1966 ಎಂದು ಕ್ಯಾಟಲಾಗ್‌ನಲ್ಲಿ ಹುಡುಕಿದರೆ ಯಾರಿಗೂ ಸಿಗದು.

ಪ್ರಶ್ನೆ: ಬಿದರಿ ಕಲೆಯ ಮೇಲೆ ಸೆಮಿನಾರ್ ಪೇಪರ್ ಇದೆ. ಚಾಟ್‌ಜಿಪಿಟಿಯನ್ನು ಕೇಳಿದೆ, ಒಳ್ಳೆಯ ಪಟ್ಟಿ ಕೊಟ್ಟಿತು. ಲೇಖಕರು, ವರ್ಷ, ಪುಟ ಎಲ್ಲ ಇವೆ. ಕೆಲವು ಮಾತ್ರ ಎಲ್ಲೂ ಸಿಗುತ್ತಿಲ್ಲ. ಪಟ್ಟಿಯಲ್ಲಿ ಉಳಿಸಬಹುದೇ?
(ಎಂ.ಎ. ವಿದ್ಯಾರ್ಥಿನಿ, ಬೀದರ್)

ಉತ್ತರ: ಉಳಿಸಬಾರದು, ತಂಗಿ. ಸಿಗದೇ ಇರುವುದಕ್ಕೆ ಅವು ಇಲ್ಲದೇ ಇರುವುದೇ ಕಾರಣವಾಗಿರಬಹುದು. ಆ ಯಂತ್ರ ಪುಸ್ತಕ ನೋಡಿ ಪಟ್ಟಿ ಮಾಡುವುದಿಲ್ಲ, ಪಟ್ಟಿಗಳು ಹೇಗಿರುತ್ತವೋ ಹಾಗೆ ಕಾಣುವ ಸಾಲುಗಳನ್ನು ಜೋಡಿಸುತ್ತದೆ. ನಿಜವಾದ ಪತ್ರಿಕೆಯ ಹೆಸರು, ನಿಜವಾದ ವಿದ್ವಾಂಸರ ಹೆಸರು, ನಡುವೆ ಎಂದೂ ಬರೆಯದ ಲೇಖನ. ಅದಕ್ಕೇ ನೋಡಲು ಅಷ್ಟು ನಂಬಿಕೆ ಬರುತ್ತದೆ.

ಪರೀಕ್ಷೆ ಕಷ್ಟವಲ್ಲ. ಡಿಒಐ ಸಂಖ್ಯೆ (ಅಂತರ್ಜಾಲದಲ್ಲಿ ಲೇಖನಕ್ಕೆ ಕೊಡುವ ಕಾಯಂ ಗುರುತು) ಇದ್ದರೆ ಡಿಒಐ ತಾಣದಲ್ಲಿ ಹಾಕಿ ನೋಡಿ, ಅದೇ ಲೇಖನ ತೆರೆಯಬೇಕು. ಪತ್ರಿಕೆಯ ಆ ಸಂಚಿಕೆಯ ಪರಿವಿಡಿ ತೆಗೆದು ಆ ಪುಟಗಳಲ್ಲಿ ಯಾರ ಲೇಖನವಿದೆ ನೋಡಿ. ಪಿಎಚ್.ಡಿ. ಪ್ರಬಂಧವೆಂದರೆ ನಮ್ಮ ದೇಶದ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ತಾಣದಲ್ಲಿ ಹುಡುಕಿ. ಇಷ್ಟರಲ್ಲಿ ಸಿಕ್ಕಿದ್ದನ್ನು ಓದಿ, ಓದಿದ್ದನ್ನು ಮಾತ್ರ ಉಳಿಸಿ. ಯಂತ್ರವನ್ನು ಭಾಷೆ ತಿದ್ದಲು ಬಳಸಿದ್ದರೆ ಯಾವುದಕ್ಕೆ ಬಳಸಿದಿರೆಂದು ಒಂದು ಸಾಲಿನಲ್ಲಿ ಹೇಳಿ. ಸಂಶೋಧನಾ ಪತ್ರಿಕೆಗಳು ಅದನ್ನು ಲೇಖಕನೆಂದು ಒಪ್ಪುವುದಿಲ್ಲ. ಬರೆದದ್ದಕ್ಕೆ ಹೊಣೆ ಹೊರಲು ಅದಕ್ಕೆ ಆಗದು.

ಬೀದರಿನಲ್ಲಿದ್ದು ಬಿದರಿಗೆ ಆಕರ ಇಲ್ಲವೆನ್ನಬಾರದು. ನಿಮ್ಮ ಊರಿನ ಚರಿತ್ರೆ, ಸ್ಮಾರಕಗಳ ಬಗ್ಗೆ ಗುಲಾಂ ಯಜ್ದಾನಿಯವರ 1947ರ ಪುಸ್ತಕದಿಂದ ಹಿನ್ನೆಲೆ ಸಿಗುತ್ತದೆ. ಬಿದರಿಗೆ ಭೌಗೋಳಿಕ ಗುರುತು ಸಿಕ್ಕದ್ದು 2006ರಲ್ಲಿ, ಅದರ ನೋಂದಣಿಯ ದಾಖಲೆಯನ್ನೇ ಆಕರವಾಗಿ ಕೊಡಬಹುದು. ಸತು ಮತ್ತು ತಾಮ್ರದ ಮಿಶ್ರಲೋಹ, ಅದರ ಮೇಲೆ ಬೆಳ್ಳಿಯ ಕುಸುರಿ ಎಂಬಷ್ಟು ಎಲ್ಲರೂ ಹೇಳುವ ಮಾತಿಗೆ ಆಕರ ಬೇಡ. ಸತು ಎಷ್ಟು ಪಾಲು, ಕೋಟೆಯ ಮಣ್ಣಿನಲ್ಲಿ ಏನಿರುವುದರಿಂದ ಕಪ್ಪು ಬಣ್ಣ ಬರುತ್ತದೆ ಎಂದು ಬರೆದ ಕೂಡಲೇ ಬೇಕು. ಅದನ್ನು ಕುಶಲಕರ್ಮಿಯೊಬ್ಬರು ನಿಮಗೆ ಹೇಳಿದರೆ ಅವರೇ ನಿಮ್ಮ ಆಕರ. ಹೇಗೆ ಬರೆಯಬೇಕೆಂದು ಮುಂದೆ ಹುಮನಾಬಾದಿನವರಿಗೆ ಕೊಟ್ಟ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ನಮ್ಮ ಪ್ರಬಂಧ ಹೋಲಿಕೆ ನೋಡೋ ತಂತ್ರಾಂಶದಾಗ ಹಾಕಿದಾಗ ಶೇ. 6 ಬಂದದ. ಶೇ. 10ರ ಒಳಗಿದ್ರ ಕೃತಿಚೌರ್ಯ ಅಲ್ಲ ಅಂತ ಎಲ್ಲಾರೂ ಅಂತಾರ. ಇನ್ನ ಆಕರ ಕೊಡೂ ಚಿಂತಿ ಯಾಕ್ರಿ?
(ಸಂಶೋಧನಾ ವಿದ್ಯಾರ್ಥಿ, ಯಾದಗಿರಿ)

ಉತ್ತರ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಇರುವುದು ಇಷ್ಟು. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಬಂದರೆ ಆರು ತಿಂಗಳು ಮೀರದ ಗಡುವಿನಲ್ಲಿ ತಿದ್ದಿ ಕೊಡಬೇಕು. 40ರಿಂದ 60 ಬಂದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಆಕರ ಕೊಟ್ಟ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವನ್ನು ಎಣಿಕೆಯಿಂದ ಬಿಡಬೇಕು. ಸಾಮಾನ್ಯ ತಿಳಿವಳಿಕೆಯ ಮಾತು ಸತತವಾಗಿ ಹದಿನಾಲ್ಕು ಪದದವರೆಗೆ ಹೊಂದಿದರೆ ಅದನ್ನೂ ಬಿಡಬೇಕು.

ತಂತ್ರಾಂಶ ಅಳೆಯುವುದು ಹೋಲಿಕೆಯನ್ನು, ಕಳವನ್ನಲ್ಲ. ತನ್ನ ಸಂಗ್ರಹದಲ್ಲಿ ಇರುವುದರ ಜೊತೆ ಮಾತ್ರ ಅದು ಹೋಲಿಸಬಲ್ಲದು. ಕನ್ನಡದ ಪುಸ್ತಕಗಳಲ್ಲಿ ಬಹುಪಾಲು ಅಲ್ಲಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿದ ಕಡತವಾದರೆ ಯಂತ್ರಕ್ಕೆ ಅದು ಕನ್ನಡವಾಗಿಯೇ ಕಾಣದು, ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸದೆ ಹಾಕಿದರೆ ಬಂದ ಅಂಕಿಗೆ ಅರ್ಥವೇ ಇಲ್ಲ. ಇಂಗ್ಲಿಷ್ ಪುಸ್ತಕದ ಹತ್ತು ಪುಟವನ್ನು ಕನ್ನಡಕ್ಕೆ ಅನುವಾದಿಸಿ ನಿಮ್ಮದೆಂದು ಇಟ್ಟರೂ ಸೊನ್ನೆ ಬರಬಹುದು. ಆದರೂ ಅದು ಕಳವೇ. ಪರ್ಸೆಂಟೇಜ್ ಇಳಿಸಿಕೊಡುತ್ತೇವೆ ಎಂದು ಕೆಲವು ಡಿಟಿಪಿ ಅಂಗಡಿಗಳು ಪುಟಕ್ಕಿಷ್ಟು ಎಂದು ದುಡ್ಡು ಕೇಳುತ್ತವೆ. ಅವರು ಮಾಡುವುದು ಪದ ಬದಲಿಸುವ ಕೆಲಸ, ವಿಚಾರ ಯಾರದ್ದೋ ಅವರದ್ದೇ ಆಗಿ ಉಳಿಯುತ್ತದೆ. ಮಾತು ಬದಲಿಸಿ ಬರೆದಾಗಲೂ ಆಕರ ಬೇಕು, ಹೇಳಿದ್ದು ಯಾರೆಂದು ತಿಳಿಯುವುದು ಅಲ್ಲಿಯೇ. ನಿಮ್ಮ ಆರು ಶೇಕಡಾವನ್ನು ಬದಿಗಿಟ್ಟು, ಪ್ರತಿ ಪ್ಯಾರಾಕ್ಕೂ ‘ಇದು ನನಗೆ ಎಲ್ಲಿಂದ ಬಂತು’ ಎಂದು ಕೇಳಿಕೊಂಡು ಹೋಗಿ. ಒಂದು ವಾರ ಹಿಡಿದರೂ ಮಾಡಿ.

ಪ್ರಶ್ನೆ: ‘ಕವಿರಾಜಮಾರ್ಗ’ದ ಕರ್ತೃವಿನ ಜಾಗದಲ್ಲಿ ನೃಪತುಂಗ ಎಂದು ಬರೆಯಲೇ, ಶ್ರೀವಿಜಯ ಎಂದು ಬರೆಯಲೇ?
(ಕನ್ನಡ ಎಂ.ಎ., ಸೇಡಂ)

ಉತ್ತರ: ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ತಾಲೂಕಿನಿಂದಲೇ ಈ ಪ್ರಶ್ನೆ ಬಂದದ್ದು ಸಂತೋಷ. ಅದನ್ನು ಬರೆದದ್ದು ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂಬ ಚರ್ಚೆಯನ್ನು ಆಕರಸೂಚಿಯಲ್ಲಿ ತೀರ್ಮಾನಿಸುವ ಹೊಣೆ ನಿಮಗೆ ಬೇಡ. ನೀವು ಬಳಸಿದ ಮುದ್ರಿತ ಪುಸ್ತಕದ ಶೀರ್ಷಿಕೆ ಪುಟ ಏನು ಹೇಳುತ್ತದೋ ಅದು ಸೂಚಿಗೆ. ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿದ ಮುದ್ರಣವಿದೆ, ಆಮೇಲಿನ ಬೇರೆ ಸಂಪಾದಕರವೂ ಇವೆ. ಯಾವುದು ನಿಮ್ಮ ಕೈಯಲ್ಲಿತ್ತು ಎಂಬುದೇ ಮುಖ್ಯ. ಕರ್ತೃತ್ವದ ಬಗ್ಗೆ ನಿಮ್ಮ ನಿಲುವನ್ನು ಲೇಖನದ ಒಳಗೆ ವಾದಿಸಿ. ಪದ್ಯಕ್ಕೆ ಪುಟದ ಜೊತೆ ಪರಿಚ್ಛೇದ ಮತ್ತು ಪದ್ಯದ ಸಂಖ್ಯೆ ಕೊಡಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವ ಪದ್ಯ 1–36 ಎಂದರೆ ಯಾವ ಮುದ್ರಣ ಹಿಡಿದವರೂ ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: ಝೊಟೆರೊ ಬಳಸುತ್ತಿದ್ದೇನೆ. ಕನ್ನಡ ಲೇಖಕರ ಹೆಸರು ಹಿಂದುಮುಂದಾಗಿ ಬರುತ್ತದೆ.
(ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಆಕರಗಳನ್ನು ಜೋಡಿಸಿಡಲು ಒಳ್ಳೆಯ ತಂತ್ರಾಂಶ, ಉಚಿತ, ಕನ್ನಡ ಲಿಪಿಗೂ ತೊಂದರೆಯಿಲ್ಲ. ಹೆಸರಿನ ಕೊನೆಯ ಪದವೇ ಮನೆತನದ ಹೆಸರು ಎಂದು ಅದು ಭಾವಿಸುತ್ತದೆ, ಎಡವುವುದು ಅಲ್ಲಿ. ನಮ್ಮ ಕಡೆ ಅಡ್ಡಹೆಸರು ಇರುತ್ತದೆ, ‘ಕಲಬುರ್ಗಿ, ಎಂ.ಎಂ.’ ಸರಿಯಾಗಿಯೇ ಕೂರುತ್ತದೆ. ದಕ್ಷಿಣದ ಹೆಸರುಗಳಿಗೆ ಬಂದಾಗ ‘ಚಿದಾನಂದಮೂರ್ತಿ, ಎಂ.’ ಆಗಬೇಕಾದದ್ದು, ಬಿಡಿಸಿ ಟೈಪ್ ಮಾಡಿದರೆ ‘ಮೂರ್ತಿ, ಚಿದಾನಂದ’ ಆಗಿಬಿಡುತ್ತದೆ. ಕುವೆಂಪು ಅವರಂಥ ಕಾವ್ಯನಾಮಗಳಿಗೆ ಹೆಸರಿನ ಎರಡು ಖಾನೆಯನ್ನು ಒಂದು ಮಾಡುವ ಗುಂಡಿ ಅಲ್ಲೇ ಪಕ್ಕದಲ್ಲಿದೆ, ಒತ್ತಿ. ತಾಣಗಳಿಂದ ತಾನಾಗಿ ಎಳೆದುಕೊಂಡ ವಿವರವನ್ನು ಪುಸ್ತಕ ಮುಂದಿಟ್ಟುಕೊಂಡು ಒಮ್ಮೆ ಹೋಲಿಸಿ. ಕನ್ನಡ ಪುಸ್ತಕಗಳನ್ನು ಅಕಾರಾದಿಯಾಗಿ ಮೊದಲು, ಇಂಗ್ಲಿಷಿನವನ್ನು ಆಮೇಲೆ ಬೇರೆ ಪಟ್ಟಿಯಾಗಿ ಕೊಡಿ. ‘ಸಂ.’ ಎಂದು ಬರೆದರೆ ಸಂಪಾದಕರೋ ಸಂಪುಟವೋ ತಿಳಿಯದು, ಪೂರ್ತಿ ಬರೆಯಿರಿ. ಅಡಿಟಿಪ್ಪಣಿಯಲ್ಲಿ ‘ಅದೇ’ ಎಂದು ಬರೆಯುವುದೂ ನನಗೆ ಒಪ್ಪಿಗೆಯಿಲ್ಲ. ನಡುವೆ ಒಂದು ಪ್ಯಾರಾ ಸೇರಿಸಿದರೆ ಸಾಕು, ‘ಅದೇ’ ಬೇರೆ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಲೇಖಕರ ಹೆಸರು, ಚುಟುಕು ಶೀರ್ಷಿಕೆ, ಪುಟ ಬರೆಯಲು ಎಷ್ಟು ಹೊತ್ತು ಬೇಕು?

ಪ್ರಶ್ನೆ: ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂದ ಬಸವಣ್ಣನವರ ವಚನವನ್ನು ಲೇಖನದಲ್ಲಿ ಬಳಸಿದ್ದೇನೆ. ಕೊನೆಗೆ ‘ಕೂಡಲಸಂಗಮದೇವಾ’ ಎಂದೂ ಇದೆ. ಅಂಕಿತವೇ ಆಧಾರವಲ್ಲವೇ?
(ಶಿಕ್ಷಕರು, ಬಸವಕಲ್ಯಾಣ)

ಉತ್ತರ: ಅಂಕಿತವನ್ನು ಯಾರು ಬೇಕಾದರೂ ಟೈಪ್ ಮಾಡಬಹುದು, ಸರ್. ಕಲ್ಯಾಣದಲ್ಲೇ ಕುಳಿತು ಬರೆಯುವವರು ಈ ಒಂದು ವಿಷಯದಲ್ಲಿ ಬಹಳ ಬಿಗಿಯಾಗಿರಬೇಕೆಂದು ನನ್ನ ಆಸೆ. ಬಸವಣ್ಣನವರು ಆಡದ ಮಾತನ್ನು ಅವರ ಬಾಯಲ್ಲಿ ಇಟ್ಟು ಹಂಚುವುದು ಈಗ ದಿನನಿತ್ಯದ ಸಂಗತಿ.

ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಬಸವಣ್ಣನವರ ವಚನಗಳು ಮೊದಲನೆಯದರಲ್ಲಿವೆ. ಮೊದಲು ‘ವಚನ ಸಂಚಯ’ ತಾಣದಲ್ಲಿ ನಿಮ್ಮ ವಚನದ ಒಂದೆರಡು ಅಪರೂಪದ ಪದ ಹಾಕಿ ಹುಡುಕಿ, ಸಿಕ್ಕರೆ ಸಂಪುಟ ತೆರೆದು ಪಾಠವನ್ನು ಅಕ್ಷರಶಃ ಹೋಲಿಸಿ. ಆಕರದಲ್ಲಿ ಸಂಪುಟ, ವಚನ ಸಂಖ್ಯೆ, ಪುಟ, ಮುದ್ರಣದ ವರ್ಷ ಬರಲಿ. 1993ರ ಮೊದಲ ಮುದ್ರಣದ ನಂತರ ಬೇರೆ ಮುದ್ರಣಗಳು ಬಂದಿರುವುದರಿಂದ ವರ್ಷ ಬಿಡುವಂತಿಲ್ಲ. ಸಂಪುಟದಲ್ಲಿ ಸಿಗದಿದ್ದರೆ ಲೇಖನದಿಂದ ತೆಗೆಯಿರಿ. ಎಷ್ಟೇ ಸೊಗಸಾಗಿದ್ದರೂ ತೆಗೆಯಿರಿ. ಶಾಲೆಯ ಗೋಡೆಯ ಮೇಲೆ ಬರೆಸಿದ್ದರೆ ಅಲ್ಲಿಂದಲೂ.

ಪ್ರಶ್ನೆ: ಅಕ್ಕಾವ್ರೆ, ನಮ್ಮ ತಾಲೂಕಿನ ಹಳ್ಳಿಗಳಾಗ ಮುದುಕ್ಯಾರ ಕಡಿಂದ ಬೀಸುವ ಪದ ಕೂಡಿಸಲಿಕತ್ತೀನಿ. ಪುಸ್ತಕ ಇಲ್ಲ, ಪುಟ ಇಲ್ಲ. ‘ಜನಪದರಿಂದ ಸಂಗ್ರಹಿಸಿದ್ದು’ ಅಂತ ಬರದ್ರ ಸಾಕು ಅಂತ ನಮ್ಮ ಹಿರಿಯರು ಒಬ್ಬರು ಹೇಳಿದ್ರು.
(ಜಾನಪದ ಸಂಶೋಧಕಿ, ಹುಮನಾಬಾದ್)

ಉತ್ತರ: ಸಾಕಾಗುವುದಿಲ್ಲ. ಈ ಪತ್ರ ಓದಿದಾಗಿನಿಂದ ಇದಕ್ಕೆ ಉತ್ತರ ಬರೆಯುವ ತವಕ ನನಗೆ ಹೆಚ್ಚಾಗಿತ್ತು. ಪಟ್ಟಣದಲ್ಲಿ ಕುಳಿತು ನಾಲ್ಕು ಪುಟ ಬರೆದವರ ಹೆಸರು, ಪ್ರಕಾಶಕರು, ವರ್ಷ ಎಲ್ಲ ಕೊಡುತ್ತೇವೆ. ಇಡೀ ಪದವನ್ನು ನೆನಪಿನಲ್ಲಿ ಇಟ್ಟುಕೊಂಡು ನಿಮ್ಮ ಫೋನಿನ ಮುಂದೆ ಹಾಡಿದ ಆ ಅವ್ವನಿಗೆ ‘ಜನಪದರು’ ಎಂಬ ಹೆಸರು ಕೊಟ್ಟು ಮುಗಿಸುತ್ತೇವೆ. ಹಳೆಯ ಸಂಗ್ರಹಗಳಲ್ಲಿ ಸಂಗ್ರಾಹಕರ ಹೆಸರು ಮುಖಪುಟದ ಮೇಲೆ, ಹಾಡಿದವರದ್ದು ಎಲ್ಲೂ ಇಲ್ಲ. ಅವರ ಮೊಮ್ಮಕ್ಕಳು ಇವತ್ತು ಗ್ರಂಥಾಲಯಕ್ಕೆ ಬಂದು ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ.

ಹಾಡಿದವರ ಹೆಸರು ಅವರು ಹೇಳಿದ ಹಾಗೆ, ವಯಸ್ಸು, ಊರು, ತಾಲೂಕು, ತವರೂರು, ರೆಕಾರ್ಡ್ ಮಾಡಿದ ದಿನ, ಎಲ್ಲಿ ಕುಳಿತು ಹಾಡಿದರು, ಯಾರು ಯಾರಿದ್ದರು, ಪದವನ್ನು ಅವರು ಯಾರಿಂದ ಕಲಿತರು, ಇಷ್ಟನ್ನು ಅದೇ ದಿನ ಬರೆದಿಡಿ. ತವರೂರು ಯಾಕೆಂದರೆ ಪದಗಳು ಮದುವೆಯ ಜೊತೆ ಊರು ಬದಲಿಸುತ್ತವೆ. ಹುಮನಾಬಾದ್ ತಾಲೂಕಿನಲ್ಲಿ ಕೇಳಿದ ಪದ ಆಳಂದ ಕಡೆಯದ್ದೋ ಉದಗೀರ ಕಡೆಯದ್ದೋ ಆಗಿರಬಹುದು. ಆಕರ ಹೀಗೆ ಬರಲಿ: ಹಾಡಿದವರ ಹೆಸರು ಮೊದಲು, ಪದದ ಮೊದಲ ಸಾಲು, ‘ಧ್ವನಿಮುದ್ರಣ’, ಊರು, ದಿನಾಂಕ, ಮುದ್ರಿಸಿದವರಾಗಿ ನಿಮ್ಮ ಹೆಸರು, ಕಡತ ಇಟ್ಟಿರುವ ಜಾಗ.

ಪದ್ಧತಿಗಳಲ್ಲಿ ಇಲ್ಲಿ ವ್ಯತ್ಯಾಸವಿದೆ. ನೀವೇ ಮಾಡಿದ ಸಂದರ್ಶನವನ್ನು ಎಂಎಲ್‌ಎ ಕೊನೆಯ ಪಟ್ಟಿಗೆ ಸೇರಿಸುತ್ತದೆ. ಎಪಿಎ ಅದನ್ನು ‘ವೈಯಕ್ತಿಕ ಸಂವಹನ’ ಎಂದು ಬರಹದ ಒಳಗೆ ಮಾತ್ರ ಹೇಳಿ ಪಟ್ಟಿಯಿಂದ ಬಿಡುತ್ತದೆ. ಓದುಗರು ಅದನ್ನು ಹುಡುಕಿ ಕೇಳಲಾರರು ಎಂಬುದು ಅದರ ಕಾರಣ. ಹಾಗಾದರೆ ಕೇಳುವಂತೆ ಮಾಡಿ. ಧ್ವನಿಮುದ್ರಣದ ಒಂದು ಪ್ರತಿಯನ್ನು ನಿಮ್ಮ ವಿಭಾಗದ ಇಲ್ಲವೇ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಸಂಖ್ಯೆ ಹಾಕಿಸಿ ಒಪ್ಪಿಸಿದರೆ ಎಪಿಎ ಪಟ್ಟಿಯಲ್ಲೂ ಅದಕ್ಕೆ ಜಾಗ ಸಿಗುತ್ತದೆ. ಫೋನಿನಲ್ಲೇ ಇಟ್ಟುಕೊಂಡರೆ ಫೋನ್ ಹೋದ ದಿನ ಆಕರವೂ ಹೋಯಿತು.

ಒಪ್ಪಿಗೆ ಕೇಳುವುದನ್ನು ಮರೆಯಬೇಡಿ. ಕನ್ನಡವೋ ಮರಾಠಿಯೋ ದಖನಿಯೋ, ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಿ. ಓದು ಬಾರದವರಿಗೆ ಕಾಗದ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಡಿ, ಏನು ಬರೆಯುತ್ತೀರಿ, ಎಲ್ಲಿ ಅಚ್ಚಾಗುತ್ತದೆ ಎಂದು ಹೇಳಿ, ಅವರು ಹೂಂ ಅಂದದ್ದನ್ನೂ ರೆಕಾರ್ಡ್ ಮಾಡಿ. ಹೆಚ್ಚಿನವರು ಹೆಸರು ಬರಲಿ ಎಂದೇ ಹೇಳುತ್ತಾರೆ. ಬೇಡ ಎಂದವರ ಹೆಸರು ಬೇಡ. ಬೀಸುವ ಪದದಲ್ಲಿ ಅತ್ತೆ, ಗಂಡ, ಸಾಲ, ಗೌಡರ ಮನೆ ಎಲ್ಲ ಬರುತ್ತವಲ್ಲ. ಅಂಥಲ್ಲಿ ಹೆಸರು ಬಿಟ್ಟರಷ್ಟೇ ಸಾಲದು. ಸಣ್ಣ ಊರಿನಲ್ಲಿ ‘ದರ್ಗಾದ ಹಿಂದಿನ ಮನೆಯ ಎಪ್ಪತ್ತೈದು ವರ್ಷದ ವಿಧವೆ’ ಎಂದರೆ ಊರಿಗೆಲ್ಲ ಯಾರೆಂದು ಗೊತ್ತು. ತಾಲೂಕಿನ ಹೆಸರಿಗೇ ನಿಲ್ಲಿಸಿ.

ಪ್ರಶ್ನೆ: ಗ್ರಂಥಋಣದಲ್ಲಿ ಓದಿದ ಪುಸ್ತಕ ಎಲ್ಲಾ ಹಾಕಬೇಕೋ, ಉಲ್ಲೇಖ ಮಾಡಿದ್ದು ಅಷ್ಟೇ ಹಾಕಬೇಕೋ?
(ಬಿ.ಎ. ಕೊನೆಯ ವರ್ಷ, ಸುರಪುರ)

ಉತ್ತರ: ತಮ್ಮಾ, ಎಪಿಎ, ಎಂಎಲ್‌ಎ ಅಂದರೆ ಉಲ್ಲೇಖಿಸಿದ್ದು ಮಾತ್ರ. ಪಠ್ಯದಲ್ಲಿ ಬಂದ ಪ್ರತಿ ಹೆಸರೂ ಪಟ್ಟಿಯಲ್ಲಿರಬೇಕು, ಪಟ್ಟಿಯ ಪ್ರತಿ ಪುಸ್ತಕವೂ ಪಠ್ಯದಲ್ಲಿ ಬಂದಿರಬೇಕು. ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗು. ನಿಮ್ಮ ಕನ್ನಡ ವಿಭಾಗದವರು ಹಳೆಯ ರೀತಿಯ ಗ್ರಂಥಋಣ ಕೇಳಿದರೆ, ಓದಿ ನೆರವು ಪಡೆದ ಪುಸ್ತಕಗಳನ್ನೂ ಸೇರಿಸಬಹುದು. ನಿಮ್ಮ ಮೇಡಂ ಅಥವಾ ಸರ್ ಅವರನ್ನು ಬರೆಯುವ ಮೊದಲೇ ಕೇಳಿಕೋ. ಎರಡರಲ್ಲಿ ಯಾವುದಾದರೂ, ತೆರೆಯದ ಪುಸ್ತಕ ಬೇಡ. ಹನ್ನೊಂದು ಪುಸ್ತಕ ಓದಿದ್ದರೆ ಪಟ್ಟಿಯೂ ಹನ್ನೊಂದೇ ಇರಲಿ.